ಉಮ್ಮನ ಪೆನ್ಶನ್ ಯಾರ ಹಣ?

ಮಂಗಳೂರಿನ ಕಡೆಯ ಸಹೋದರಿಯೊಬ್ಬರು ಬರೆದಿದ್ದಾರೆ. ಮಾವ ರೈಲ್ವೆಯಲ್ಲಿದ್ದವರು, ತೀರಿಕೊಂಡು ನಾಲ್ಕು ವರ್ಷವಾಯಿತು. ಅತ್ತೆಗೆ ಕುಟುಂಬ ಪೆನ್ಶನ್ ಬರುತ್ತಿದೆ. ಪತಿ ಜುಬೈಲ್‌ನಲ್ಲಿ, ಮೈದುನ ದೋಹಾದಲ್ಲಿ. ನಾದಿನಿಯರಿಬ್ಬರೂ ಊರಿನಲ್ಲೇ ಇದ್ದಾರೆ, ಅವರವರ ಮನೆಗಳಲ್ಲಿ. ಅತ್ತೆಯ ಎಟಿಎಂ ಕಾರ್ಡು ಸೊಸೆಯ ಕೈಯಲ್ಲಿ. ಕಳೆದ ಡಿಸೆಂಬರ್‌ನ ಪೆನ್ಶನ್ ಖಾತೆಗೆ ಬರಲೇ ಇಲ್ಲ. ಹಿರಿಯ ನಾದಿನಿ ಬಂದು ಪಾಸ್‌ಬುಕ್ ಕೇಳಿದರು, ಮಾತಿಗೆ ಮಾತು ಬೆಳೆಯಿತು, ಈಗ ಎರಡು ಮನೆಗಳ ನಡುವೆ ಮಾತಿಲ್ಲ. 'ಅತ್ತೆಯ ಒಂದು ರೂಪಾಯಿಯನ್ನೂ ನಾನು ಮುಟ್ಟಿಲ್ಲ, ಅಲ್ಲಾಹನೇ ಸಾಕ್ಷಿ' ಎಂದು ಆ ಸಹೋದರಿ ಬರೆದಿದ್ದಾರೆ.

ಹಣ ಎಲ್ಲಿಗೆ ಹೋಯಿತು ಎಂಬುದಕ್ಕೆ ಉತ್ತರ ಸರಳವಿದೆ. ಎಲ್ಲಿಗೂ ಹೋಗಿಲ್ಲ. ಕೇಂದ್ರ ಸರಕಾರದ ಪೆನ್ಶನ್ ಪಡೆಯುವವರು ಪ್ರತಿ ವರ್ಷ ನವೆಂಬರ್‌ನಲ್ಲಿ ತಾವು ಬದುಕಿದ್ದೇವೆಂಬ ಜೀವಿತ ಪ್ರಮಾಣಪತ್ರ ಕೊಡಬೇಕು. 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಕೊಡದಿದ್ದರೆ ಡಿಸೆಂಬರ್‌ನಿಂದ ಪೆನ್ಶನ್ ನಿಲ್ಲುತ್ತದೆ. ಪ್ರಮಾಣಪತ್ರ ಸಲ್ಲಿಸಿದ ಕೂಡಲೇ ನಿಂತ ತಿಂಗಳುಗಳ ಬಾಕಿಯೂ ಸೇರಿ ಬರುತ್ತದೆ. ಮಾವ ಇದ್ದಾಗ ಅವರೇ ಬ್ಯಾಂಕಿಗೆ ಹೋಗಿ ಸಹಿ ಹಾಕಿ ಬರುತ್ತಿದ್ದರು. ಈಗ ಜುಬೈಲ್‌ನಲ್ಲಿರುವ ಮಗ, ಮನೆಯಲ್ಲಿರುವ ಹೆಂಡತಿ ನೋಡಿಕೊಳ್ಳುತ್ತಾಳೆಂದುಕೊಂಡರು. ಹೆಂಡತಿಗೆ ಅಂಥದ್ದೊಂದು ಕಾಗದವಿದೆಯೆಂದು ಯಾರೂ ಹೇಳಿಯೇ ಇರಲಿಲ್ಲ. ನಮ್ಮ ಗಲ್ಫ್ ಮನೆಗಳಲ್ಲಿ ಜವಾಬ್ದಾರಿ ಹೆಂಗಸರ ಹೆಗಲಿಗೆ ಬರುತ್ತದೆ, ಮಾಹಿತಿ ಮಾತ್ರ ಗಂಡಸರ ಫೋನಿನಲ್ಲೇ ಉಳಿಯುತ್ತದೆ.

ಈಗ ಇದಕ್ಕೆ ಬ್ಯಾಂಕಿನ ಮೆಟ್ಟಿಲು ಹತ್ತಲೇಬೇಕೆಂದಿಲ್ಲ. 2014ರಲ್ಲಿ ಆರಂಭವಾದ 'ಜೀವನ್ ಪ್ರಮಾಣ್' ವ್ಯವಸ್ಥೆಯಲ್ಲಿ ಆಧಾರ್ ಮೂಲಕ ಪ್ರಮಾಣಪತ್ರ ಸಲ್ಲಿಸಬಹುದು. ಮೊದಲು ಬೆರಳಚ್ಚು ಬೇಕಿತ್ತು. ಬದುಕಿಡೀ ಪಾತ್ರೆ ತಿಕ್ಕಿ, ಬಟ್ಟೆ ಒಗೆದ ಅಜ್ಜಿಯಂದಿರ ಬೆರಳಿನ ಗೆರೆಗಳನ್ನು ಯಂತ್ರ ಗುರುತಿಸುತ್ತಿರಲಿಲ್ಲ. 2021ರ ನವೆಂಬರ್‌ನಿಂದ ಮುಖ ತೋರಿಸಿದರೂ ಸಾಕೆಂದಾಗಿದೆ. ಮನೆಯ ಮಕ್ಕಳ ಮೊಬೈಲಿನಲ್ಲೇ ಮುಗಿಯುತ್ತದೆ. ಪೆನ್ಶನ್ ಆದೇಶದ ಸಂಖ್ಯೆ, ಅಂದರೆ ಪಿಪಿಒ ನಂಬರ್, ಖಾತೆಯ ಸಂಖ್ಯೆ, ಆಧಾರ್ ಇಷ್ಟು ಕೈಯಲ್ಲಿರಲಿ. ಹಾಸಿಗೆ ಹಿಡಿದವರಾದರೆ ಅಂಚೆ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುವ ಸೇವೆಯೂ 2020ರಿಂದ ಇದೆ. ಉಮ್ಮ ಆ ಸಮಯದಲ್ಲಿ ಮಗನ ಬಳಿ ವಿದೇಶದಲ್ಲಿದ್ದರೆ ಭಾರತೀಯ ರಾಯಭಾರ ಕಚೇರಿಯ ಅಧಿಕಾರಿಯ ಸಹಿಯೊಂದಿಗೆ ಪ್ರಮಾಣಪತ್ರ ಕಳುಹಿಸಬಹುದು. ಆದರೆ 'ಪೆನ್ಶನ್ ಕಚೇರಿಯಿಂದ ಮಾತನಾಡುತ್ತಿದ್ದೇವೆ, ಒಟಿಪಿ ಹೇಳಿ' ಎಂದು ಫೋನ್ ಬಂದರೆ ಏನೂ ಹೇಳದೆ ಕೆಳಗಿಡಿ.

ಇನ್ನು ಎಟಿಎಂ ಕಾರ್ಡಿನ ವಿಷಯ. ಮನೆಯವರಿಗೇ ಆದರೂ ಕಾರ್ಡು ಮತ್ತು ಪಿನ್ ಕೊಡುವುದು ಬ್ಯಾಂಕಿನ ನಿಯಮಕ್ಕೆ ವಿರುದ್ಧ. ನಾಳೆ ಏನಾದರೂ ಆದರೆ ಬ್ಯಾಂಕು ಜವಾಬ್ದಾರಿ ಹೊರುವುದಿಲ್ಲ, ಸಂಶಯ ಮಾತ್ರ ಸೊಸೆಯ ಮೇಲೆ. ಮಗ 'ಪವರ್ ಆಫ್ ಅಟಾರ್ನಿ' ಮಾಡಿಸಿಕೊಂಡರಾಯಿತೆಂದು ಹಲವರು ತಿಳಿದಿದ್ದಾರೆ. ಪೆನ್ಶನ್ ಖಾತೆಯನ್ನು ಅದರ ಮೂಲಕ ನಡೆಸಲು ರಿಸರ್ವ್ ಬ್ಯಾಂಕಿನ ನಿಯಮ ಬಿಡುವುದಿಲ್ಲ. ಬಿಡುವುದು ಚೆಕ್‌ಬುಕ್ಕನ್ನು, ಮತ್ತು ತಿಂಗಳಿಗೆ ಇಷ್ಟು ಹಣ ಇಂಥ ಖಾತೆಗೆ ಹೋಗಲಿ ಎಂದು ಉಮ್ಮನೇ ಬರೆದುಕೊಡುವ ಕಾಯಂ ಸೂಚನೆಯನ್ನು. ಸಹಿ ಹಾಕಲಾರದಷ್ಟು ಅಸ್ವಸ್ಥರಾದರೆ ಇಬ್ಬರು ಸಾಕ್ಷಿಗಳೆದುರು ಹೆಬ್ಬೆಟ್ಟೊತ್ತಿ ಹಣ ತೆಗೆಯಬಹುದು. ಒಬ್ಬ ಸಾಕ್ಷಿ ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಹಣವನ್ನು ಯಾರು ಒಯ್ಯಬೇಕೆಂದು ಉಮ್ಮನೇ ತಿಳಿಸಬಹುದು. ಮ್ಯಾನೇಜರರಿಗೆ ಗೊತ್ತಿರುವ ವಿಷಯವೇ, ನಾವು ಕೇಳಬೇಕಷ್ಟೆ.

ಆ ಸಹೋದರಿಯ ಅತ್ತೆಗೆ ಈಗ 81 ವರ್ಷವಂತೆ. ಹಾಗಾದರೆ ಇನ್ನೊಂದು ಹಕ್ಕನ್ನು ಅವರು ಕಳೆದುಕೊಳ್ಳುತ್ತಿರಬಹುದು. ಕೇಂದ್ರದ ಪೆನ್ಶನ್‌ನಲ್ಲಿ 80 ತುಂಬಿದವರಿಗೆ ಮೂಲ ಪೆನ್ಶನ್‌ನ 20 ಶೇಕಡಾ ಹೆಚ್ಚುವರಿಯಾಗಿ ಸಿಗಬೇಕು. 85ಕ್ಕೆ 30, 90ಕ್ಕೆ 40, ಹೀಗೆ ಏರುತ್ತಾ 100 ತುಂಬಿದರೆ ಇಮ್ಮಡಿ. ಕುಟುಂಬ ಪೆನ್ಶನ್‌ಗೂ ಇದು ಅನ್ವಯಿಸುತ್ತದೆ. ಆದರೆ ಹಳೆಯ ಪೆನ್ಶನ್ ಆದೇಶಗಳಲ್ಲಿ ಹೆಂಡತಿಯ ಜನ್ಮದಿನಾಂಕ ಇರದಿದ್ದರೆ ಬ್ಯಾಂಕಿಗೆ ವಯಸ್ಸು ತಿಳಿಯುವುದು ಹೇಗೆ? ಪಿಪಿಒ ತೆಗೆದು ನೋಡಿ. ದಿನಾಂಕ ಇಲ್ಲದಿದ್ದರೆ ವಯಸ್ಸಿನ ದಾಖಲೆಯೊಂದಿಗೆ ಅರ್ಜಿ ಕೊಡಿ.

ಆದರೆ ಪತ್ರದ ಒಳಗಿನ ಪ್ರಶ್ನೆ ಬೇರೆಯೇ. ಈ ಹಣ ಯಾರದು? ಮಗ ಹೇಳುತ್ತಾನೆ, ಮನೆ ಖರ್ಚಿಗೆ ನಾನು ಕಳಿಸುತ್ತಿದ್ದೇನಲ್ಲ, ಅದು ಹಾಗೇ ಇರಲಿ. ಮಗಳು ಹೇಳುತ್ತಾಳೆ, ಅದು ನನ್ನ ಬಾಪನ ದುಡಿಮೆ. ಸೊಸೆ ಹೇಳುತ್ತಾಳೆ, ಔಷಧಿ, ಡಯಾಪರ್ ತರುವವಳು ನಾನು. ಅತ್ತೆಯನ್ನು ಯಾರೂ ಕೇಳಿಲ್ಲ. ಸ್ತ್ರೀಗೆ ಅವಳ ಸಂಪಾದನೆಯಲ್ಲಿ ಅವಳದೇ ಪಾಲಿದೆಯೆಂದು ಅನ್ನಿಸಾ ಅಧ್ಯಾಯದ 32ನೇ ಸೂಕ್ತ ಸ್ಪಷ್ಟಪಡಿಸಿದೆ. ಪೆನ್ಶನ್ ಉಮ್ಮನದ್ದು. ಮೊಮ್ಮಗಳಿಗೆ ಬಳೆ ಕೊಡಿಸುವುದೋ, ಬಡ ಮಗಳಿಗೆ ನೆರವಾಗುವುದೋ, ಸದಕ ಮಾಡುವುದೋ ಅವರ ಇಷ್ಟ. ಉಳಿದ ಹಣ ನಿಸಾಬ್ ತಲುಪಿ ಒಂದು ವರ್ಷವಾದರೆ ಅದರ ಝಕಾತ್ ಕೂಡ ಅವರದೇ ಹೊಣೆ. ಮಕ್ಕಳು ತಮ್ಮ ಝಕಾತ್ ಲೆಕ್ಕ ಹಾಕುವಾಗ ಇದನ್ನು ಅವರಿಗೆ ನೆನಪಿಸಬೇಕು. ಸೊಸೆ ತಂದ ಔಷಧಿಯ ಹಣವನ್ನು ಅತ್ತೆಯ ಒಪ್ಪಿಗೆಯಿಂದ ಅದರಲ್ಲೇ ತೆಗೆದುಕೊಂಡರೆ ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಬರೆದಿಡಿ. ಸಾಲದ ವ್ಯವಹಾರವನ್ನು ಸಾಕ್ಷಿ ಸಮೇತ ಬರೆದಿಡಬೇಕೆಂದು ಅಲ್‌ಬಕರದ 282ನೇ ಸೂಕ್ತ ಎಷ್ಟು ವಿವರವಾಗಿ ಹೇಳುತ್ತದೆಂಬುದನ್ನು ನೋಡಿದರೆ, ಬರೆಯುವುದು ಅಪನಂಬಿಕೆಯ ಗುರುತಲ್ಲವೆಂದು ತಿಳಿಯುತ್ತದೆ. ಒಂದು ನೋಟ್‌ಬುಕ್, ಮೆಡಿಕಲ್ ಶಾಪಿನ ಚೀಟಿಗಳು, ತಿಂಗಳಿಗೊಮ್ಮೆ ಪಾಸ್‌ಬುಕ್ ನಮೂದು. ಅದರ ಫೋಟೋ ಪತಿಗೂ ಮೈದುನನಿಗೂ ಇಬ್ಬರು ನಾದಿನಿಯರಿಗೂ ಒಟ್ಟಿಗೇ ಹೋಗಲಿ. ಮೊದಲು ಅತ್ತೆಗೆ ಓದಿ ಹೇಳಿ. ಇದನ್ನು ಏರ್ಪಾಡು ಮಾಡಬೇಕಾದವರು ಜುಬೈಲ್‌ನಲ್ಲಿರುವ ಮಗ. ಹೆಂಡತಿಯ ಮೇಲೆ ಆರೋಪ ಬಂದಾಗ ಫೋನಿನಲ್ಲಿ ಮೌನವಾಗಿರುವುದು ನ್ಯಾಯವಲ್ಲ.

ಕೊನೆಗೊಂದು, ಹೇಳಲು ಮನಸ್ಸಾಗದ ವಿಷಯ. ಪೆನ್ಶನ್ ಹಕ್ಕು ಮರಣದ ದಿನದವರೆಗೆ ಮಾತ್ರ. ಬ್ಯಾಂಕಿಗೆ ತಿಳಿಸದಿದ್ದರೆ ಹಣ ಮತ್ತೆಯೂ ಬರುತ್ತಲೇ ಇರುತ್ತದೆ. ಅದನ್ನು ಕಾರ್ಡಿನಿಂದ ತೆಗೆದು 'ಉಮ್ಮನ ಹಣವೇ ತಾನೆ' ಎನ್ನುವವರಿದ್ದಾರೆ. ಅದು ಉಮ್ಮನದ್ದಲ್ಲ, ಸರಕಾರದ್ದು. ಬ್ಯಾಂಕು ವಾಪಸು ವಸೂಲು ಮಾಡುತ್ತದೆ, ತೆಗೆದವರು ಅಪರಾಧಿಯೂ ಆಗುತ್ತಾರೆ. ಮರಣದವರೆಗಿನ ಬಾಕಿ ಮತ್ತು ಖಾತೆಯಲ್ಲಿರುವ ಉಳಿತಾಯದ ಮಾತು ಬೇರೆ. ನಾಮಿನಿಯೆಂದು ಹೆಸರಿರುವವರು ಹಣ ಪಡೆಯಬಹುದು, ಆದರೆ ಮಾಲಕರಾಗುವುದಿಲ್ಲ. ಉಮ್ಮನ ಸಾಲ ತೀರಿಸಿ, ಮೂರನೇ ಒಂದು ಭಾಗ ಮೀರದ ವಸಿಯ್ಯತ್ ಇದ್ದರೆ ಅದನ್ನು ಪೂರೈಸಿ, ಉಳಿದದ್ದು ವಾರಸುದಾರರಿಗೆ. ದೋಹಾದ ಮಗನಿಗೆ ಎರಡು ಪಾಲು ಬಂದರೆ, ಪಾಸ್‌ಬುಕ್ ಕೇಳಿದ ಆ ನಾದಿನಿಗೆ ಒಂದು ಪಾಲು ಬರಲೇಬೇಕು.