ನೂರಕ್ಕೆ ಎರಡು: ಹಂಚುವವರು ಯಾರು?

ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಗಾದೆ ಸರಿಯೇ. ಆದರೆ ಎಮ್ಮೆ ದಾನದ್ದಲ್ಲ ಎಂದು ಗೊತ್ತಾದ ಮೇಲೂ ಹಲ್ಲು ನೋಡದೆ ಕೈಮುಗಿದು ನಿಲ್ಲುವುದು ಸರಿಯೆ? ಪಿಲ್ಲಗುಂಪೆ ಕೈಗಾರಿಕಾ ಪ್ರದೇಶದ ಸುತ್ತಮುತ್ತಲ ಹಳ್ಳಿಗಳ ಜನ ಇಂದು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ದೊಡ್ಡ ಕಂಪೆನಿಗಳು ಊರಿನ ಶಾಲೆಗೆ ಬೆಂಚು, ಆಸ್ಪತ್ರೆಗೆ ಮಂಚ, ಸಂಘಕ್ಕೆ ಸಹಾಯಧನ ಕೊಟ್ಟಾಗ ಶಾಮಿಯಾನ ಹಾಕಿ ಹಾರ ತುರಾಯಿಗಳ ಸಮಾರಂಭ ನಡೆಯುತ್ತದೆ. ಈ ಹಣ ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. 2013ರ ಕಂಪೆನಿ ಕಾಯಿದೆಯ 135ನೆಯ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ, ಇಲ್ಲವೆ 1000 ಕೋಟಿ ವಹಿವಾಟು, ಇಲ್ಲವೆ 500 ಕೋಟಿ ನಿವ್ವಳ ಆಸ್ತಿ ಇರುವ ಕಂಪೆನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ಪಾಲನ್ನು ಸಮಾಜದ ಕೆಲಸಕ್ಕೆ ವೆಚ್ಚ ಮಾಡತಕ್ಕದ್ದು ಎಂದು ಅದು ವಿಧಿಸಿತು. ಪೇಟೆಯವರು ಸಿ.ಎಸ್.ಆರ್. ಎನ್ನುವುದು ಇದನ್ನೇ. ಸಣ್ಣ ಷೆಡ್ಡುಗಳಿಗೂ ಸಣ್ಣ ವರ್ತಕರಿಗೂ ಇದು ಅನ್ವಯಿಸುವುದಿಲ್ಲ. ಅನ್ವಯಿಸುವ ಕಂಪೆನಿಗೆ ಇದು ಔದಾರ್ಯವಲ್ಲ, ಕರ್ತವ್ಯ. ಲಾಭ ಹುಟ್ಟಿದ್ದು ಯಂತ್ರದ ಮುಂದೆ ಮೂರು ಪಾಳಿಯಲ್ಲಿ ನಿಂತ ಕೈಗಳಿಂದ. ಕಾರ್ಖಾನೆ ನಿಂತಿರುವುದು ನಿನ್ನೆಯವರೆಗೆ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ.

ಕಾರ್ಮಿಕ ಬಂಧುಗಳು ಇನ್ನೊಂದು ಮಾತನ್ನು ನೆನಪಿನಲ್ಲಿಡಬೇಕು. ಕಂಪೆನಿ ತನ್ನ ನೌಕರರಿಗಷ್ಟೇ ಮಾಡುವ ಅನುಕೂಲ ಈ ಎರಡು ಪಾಲಿನ ಲೆಕ್ಕಕ್ಕೆ ಸೇರುವುದಿಲ್ಲ. ಬೇರೆ ಕಾನೂನಿನಂತೆ ಅದು ಮಾಡಲೇಬೇಕಾದ ಕೆಲಸವೂ ಸೇರುವುದಿಲ್ಲ. ತನ್ನ ಸರಕಿನ ಪ್ರಚಾರಕ್ಕೆಂದು ಜಾತ್ರೆಗೆ ಕಟ್ಟಿಸಿದ ಕಮಾನೂ ಸೇರುವುದಿಲ್ಲ. ಶಾಲೆಗೆ ಬಣ್ಣ ಹೊಡೆಸಿದ್ದೇವೆ, ಈ ವರ್ಷ ಕ್ಯಾಂಟೀನಿನ ಮಾತೆತ್ತಬೇಡಿ ಎಂದು ಯಾರಾದರೂ ಹೇಳಿದರೆ ಆ ಉತ್ತರಕ್ಕೆ ಕಾನೂನಿನ ಆಧಾರವಿಲ್ಲ. ಎರಡೂ ಬೇರೆ ಬೇರೆ ಖಾತೆಗಳು.

ಇನ್ನು ಹಂಚಿಕೆಯ ವಿಚಾರ. ಲೆಕ್ಕಕ್ಕಾಗಿ, ಒಂದು ಕಂಪೆನಿಯ ಸರಾಸರಿ ಲಾಭ 10 ಕೋಟಿ ಎಂದು ಹಿಡಿಯೋಣ. ಅದರ ಪಾಲು 20 ಲಕ್ಷ ರೂಪಾಯಿ. ಇದನ್ನು ಯಾವ ಊರಿಗೆ, ಯಾವ ಸಂಘಕ್ಕೆ, ಯಾವ ಕೆಲಸಕ್ಕೆ ಕೊಡಬೇಕೆಂದು ನಿರ್ಧರಿಸುವವರು ಕಂಪೆನಿಯ ನಿರ್ದೇಶಕರು. ಅದಕ್ಕಾಗಿ ನಿರ್ದೇಶಕರದೇ ಒಂದು ಸಮಿತಿ ಇರಬೇಕೆಂದು ಕಾಯಿದೆ ಹೇಳಿತ್ತು. ವೆಚ್ಚದ ಮೊತ್ತ 50 ಲಕ್ಷ ಮೀರದಿದ್ದರೆ ಆ ಸಮಿತಿಯೂ ಬೇಡ, ಆಡಳಿತ ಮಂಡಲಿಯೇ ಸಾಕು ಎಂದು 2020ರ ತಿದ್ದುಪಡಿ ಹೇಳಿತು. ಸಮಿತಿ ಇರಲಿ ಬಿಡಲಿ, ಹಳ್ಳಿಯ ಒಬ್ಬನಿಗೂ ಅಲ್ಲಿ ಕುರ್ಚಿ ಇಲ್ಲ.

ಕಂಪೆನಿ ತಾನು ನಡೆಯುವ ಸ್ಥಳಕ್ಕೂ ಅದರ ಸುತ್ತಲ ಪ್ರದೇಶಕ್ಕೂ ಆದ್ಯತೆ ಕೊಡಬೇಕೆಂಬ ಮಾತು ಕಾಯಿದೆಯಲ್ಲಿದೆ. ಆದರೆ ಅದು ಬರಿಯ ಮಾರ್ಗದರ್ಶನ, ಕಡ್ಡಾಯವಲ್ಲ ಎಂದು ಕೇಂದ್ರ ಸರ್ಕಾರ 2021ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. ಬಾಗಿಲು ತೆರೆದಿದೆ, ಒಳಗೆ ಕರೆಯುವವರಿಲ್ಲ ಎಂಬಂತಾಯಿತು. ಹಣ ಪಡೆಯುವ ಸಂಘಕ್ಕೂ ಷರತ್ತುಗಳಿವೆ. ಕಂಪೆನಿಯಾಗಲಿ ಸರ್ಕಾರವಾಗಲಿ ಹುಟ್ಟುಹಾಕಿದ್ದಲ್ಲದ ಸಂಘಕ್ಕೆ ಅದೇ ಬಗೆಯ ಕೆಲಸದಲ್ಲಿ ಮೂರು ವರ್ಷದ ಅನುಭವವಿರಬೇಕು. ಆದಾಯ ತೆರಿಗೆ ಇಲಾಖೆಯಲ್ಲಿ ಎರಡು ಬಗೆಯ ನೋಂದಣಿ ಬೇಕು. 2021ರ ಏಪ್ರಿಲಿನಿಂದ ಕಂಪೆನಿ ವ್ಯವಹಾರಗಳ ಇಲಾಖೆಯಲ್ಲಿಯೂ ನೋಂದಾಯಿಸಬೇಕು. ಕಳ್ಳ ಸಂಘಗಳನ್ನು ತಡೆಯಲು ಇವು ಬೇಕು, ನಾವು ಒಪ್ಪುತ್ತೇವೆ. ಆದರೆ ಫಲವೇನು? ಲೆಕ್ಕಿಗನನ್ನೂ ಅರ್ಜಿ ಬರೆಯುವ ಗುಮಾಸ್ತನನ್ನೂ ಇಟ್ಟುಕೊಂಡ ಪೇಟೆಯ ಸಂಸ್ಥೆ ಸುಲಭವಾಗಿ ಒಳಗೆ ಹೋಗುತ್ತದೆ. ಹತ್ತು ವರ್ಷದಿಂದ ಮಕ್ಕಳಿಗೆ ಸಂಜೆ ಪಾಠ ಹೇಳುತ್ತಿರುವ ಹಳ್ಳಿಯ ಯುವಕರ ಸಂಘ ಹೊಸ್ತಿಲಲ್ಲಿಯೇ ನಿಲ್ಲುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಬಿಡ ಎಂಬುದು ಇದಕ್ಕೇ.

ನಾವು ಹಿಂದೆ ಪಾಠ ಹೇಳುತ್ತಿದ್ದ ಒಂದು ಶಾಲೆಗೆ ಒಂದು ವರ್ಷ ದೊಡ್ಡವರ ಕಡೆಯಿಂದ ಚೀಲಗಳು ಬಂದವು. ಚೀಲದ ಮೇಲೆ ಕೊಟ್ಟವರ ಹೆಸರು ದಪ್ಪಕ್ಷರದಲ್ಲಿತ್ತು. ಮಕ್ಕಳಿಗೆ ಸಂತೋಷವಾಯಿತು, ಸುಳ್ಳೇಕೆ ಹೇಳೋಣ? ಆದರೆ ಆ ಶಾಲೆಯ ಕಕ್ಕಸಿಗೆ ನೀರಿರಲಿಲ್ಲ. ದೊಡ್ಡ ಹುಡುಗಿಯರು ಮಧ್ಯಾಹ್ನ ಮನೆಗೆ ಹೋದವರು ಮರಳಿ ಬರುತ್ತಿರಲಿಲ್ಲ. ಒಂದು ತೊಟ್ಟಿ, ಒಂದು ನಲ್ಲಿ, ಅಷ್ಟು ಸಾಕಾಗಿತ್ತು. ಯಾರಾದರೂ ಮೊದಲು ಬಂದು, ಮೇಷ್ಟ್ರೇ, ನಿಮಗೇನು ಬೇಕು ಎಂದು ಕೇಳಿದ್ದರೆ ಹೇಳುತ್ತಿದ್ದೆವು. ಯಾರೂ ಕೇಳಲಿಲ್ಲ. ಕೊಟ್ಟವರು ಕೆಟ್ಟವರಲ್ಲ. ಕೇಳುವ ಏರ್ಪಾಡೇ ಇರಲಿಲ್ಲ.

ಆ ಏರ್ಪಾಡು ಹೇಗಿರಬಹುದು ಎಂಬುದಕ್ಕೆ ನೂರು ವರ್ಷಕ್ಕೂ ಹಿಂದಿನ ಒಂದು ಉದಾಹರಣೆ ಇದೆ, ಅದೂ ಬಂಡವಾಳಗಾರರ ನಾಡಾದ ಅಮೆರಿಕದಲ್ಲಿ. 1914ರಲ್ಲಿ ಕ್ಲೀವ್‌ಲೆಂಡ್ ಎಂಬ ಕಾರ್ಖಾನೆಗಳ ನಗರದಲ್ಲಿ ಫ್ರೆಡರಿಕ್ ಗಾಫ್ ಎಂಬ ಬ್ಯಾಂಕಿನ ಅಧ್ಯಕ್ಷರು ಒಂದು ಸಮುದಾಯ ನಿಧಿಯನ್ನು ಸ್ಥಾಪಿಸಿದರು. ಸತ್ತವರು ಬರೆದಿಟ್ಟುಹೋದ ದತ್ತಿಗಳು ಕಾಲ ಬದಲಾದ ಮೇಲೆ ನಿಷ್ಪ್ರಯೋಜಕವಾಗಿ ಬಿದ್ದಿರುವುದನ್ನು ಅವರು ಕಂಡಿದ್ದರು. ಹಲವರ ದತ್ತಿಗಳನ್ನು ಒಂದೇ ನಿಧಿಯಲ್ಲಿ ಕೂಡಿಸಿ, ಹಂಚುವ ಕೆಲಸವನ್ನು ಐವರ ಸಮಿತಿಗೆ ಒಪ್ಪಿಸಿದರು. ಇಬ್ಬರನ್ನು ಬ್ಯಾಂಕು ನೇಮಿಸುವುದು, ಉಳಿದ ಮೂವರನ್ನು ನಗರದ ಮೇಯರ್ ಮತ್ತು ನ್ಯಾಯಾಧೀಶರು ನೇಮಿಸುವುದು. ಹಣ ಕೂಡಿದ ಕಡೆಯವರಿಗೆ ಬಹುಮತವಿಲ್ಲ! ಮತ್ತೂ ಒಂದು ವಿಶೇಷ: ಹಣ ಹಂಚುವುದಕ್ಕೆ ಮುಂಚೆಯೇ ಆ ನಿಧಿ ಊರಿನ ಸಮೀಕ್ಷೆಗೆ ತೊಡಗಿತು. 1915-16ರಲ್ಲಿ ನಗರದ ಶಾಲೆಗಳ ಸ್ಥಿತಿಯನ್ನು ಪರಿಶೀಲಿಸಿ ವರದಿಗಳನ್ನು ಪ್ರಕಟಿಸಿತು. ಮೊದಲು ವಿಚಾರಣೆ, ಆಮೇಲೆ ವಿತರಣೆ.

ಹೊರನಾಡಿನ ಮಾತು ನಮಗೇಕೆ ಎನ್ನುವವರು ನಮ್ಮ ಕೆರೆ ಏರಿಯ ಕಲ್ಲುಗಳನ್ನು ನೋಡಲಿ. ಹೊಸಕೋಟೆ ತಾಲ್ಲೂಕಿನ ಶಾಸನಗಳನ್ನು ಬಿ. ಎಲ್. ರೈಸರು ಎಪಿಗ್ರಾಫಿಯ ಕರ್ನಾಟಿಕದ 9ನೆಯ ಸಂಪುಟದಲ್ಲಿ 1905ರಲ್ಲಿ ಪ್ರಕಟಿಸಿದ್ದಾರೆ. ನಮ್ಮ ನಾಡಿನ ದತ್ತಿ ಶಾಸನಗಳಲ್ಲಿ ಕೊಟ್ಟವರಾರು, ಪಡೆದವರಾರು, ಯಾವ ಕೆಲಸಕ್ಕೆ, ಭೂಮಿಯ ಎಲ್ಲೆ ಎಲ್ಲಿಂದ ಎಲ್ಲಿಗೆ, ಸಾಕ್ಷಿ ಯಾರು, ತಪ್ಪಿದವನ ಗತಿಯೇನು ಎಂದೆಲ್ಲ ಕೊರೆಯಿಸುತ್ತಿದ್ದರು. ಆ ಕಾಲ ಪ್ರಜಾಪ್ರಭುತ್ವದ್ದೇನೂ ಅಲ್ಲ. ಆದರೂ ಲೆಕ್ಕ ಊರೊಳಗೇ ನಿಂತಿತ್ತು. ಇಂದು ಕಂಪೆನಿಗಳು ತಾವು ಒಪ್ಪಿದ ಯೋಜನೆಗಳನ್ನು ತಮ್ಮ ಅಂತರಜಾಲದ ಪುಟದಲ್ಲಿ ಪ್ರಕಟಿಸಬೇಕೆಂದು ನಿಯಮವಿದೆ. ಒಳ್ಳೆಯದೇ. ಆದರೆ ಚಿಂತಾಮಣಿ ರಸ್ತೆಯ ಟೀ ಅಂಗಡಿಯ ಮುಂದೆ ನಿಂತವನಿಗೆ ಆ ಪುಟವನ್ನು ತೋರಿಸುವವರು ಯಾರು? ಹತ್ತು ಜನ ಸೇರಿ ಚೀಟಿ ನಡೆಸಿದರೂ ಹರಾಜು ಎಲ್ಲರ ಎದುರಿಗೇ ಆಗುತ್ತದೆ. ಲಕ್ಷಗಟ್ಟಲೆ ಹಣಕ್ಕೆ ಅಷ್ಟಾದರೂ ಬೇಡವೆ?

ಆದ್ದರಿಂದ ನಮ್ಮ ಒತ್ತಾಯ ಇದು. ಈ ಪ್ರದೇಶದಲ್ಲಿ ಕಾಯಿದೆಗೆ ಒಳಪಟ್ಟ ಕಂಪೆನಿಗಳು ತಮ್ಮ ಪಾಲಿನಲ್ಲಿ ಒಂದು ಭಾಗವನ್ನು ಕೂಡಿಸಿ ಕೆಲಸ ಮಾಡಲಿ. ಒಂದಕ್ಕಿಂತ ಹೆಚ್ಚು ಕಂಪೆನಿಗಳು ಸೇರಿ ಯೋಜನೆ ನಡೆಸಲು, ಪ್ರತಿಯೊಬ್ಬರೂ ಬೇರೆ ಬೇರೆ ಲೆಕ್ಕ ಒಪ್ಪಿಸುವುದಾದರೆ, ನಿಯಮದ ಅಡ್ಡಿಯಿಲ್ಲ. ಹಣವನ್ನು ಇಡುಗಂಟಾಗಿ ಕೂಡಿಡಲು 2021ರ ನಿಯಮ ಬಿಡುವುದಿಲ್ಲ. ವರ್ಷ ವರ್ಷದ ಕೆಲಸಕ್ಕೇ ಅದು ವೆಚ್ಚವಾಗಲಿ. ಮೊದಲು ಗ್ರಾಮಸಭೆಯಲ್ಲಿ ಊರಿನ ಅಗತ್ಯಗಳ ಪಟ್ಟಿಯಾಗಲಿ. ಕಾನೂನಿನಂತೆ ಕೊನೆಯ ಒಪ್ಪಿಗೆ ನಿರ್ದೇಶಕರದೇ ಇರಬಹುದು, ಆದರೆ ಶಿಫಾರಸು ಮಾಡುವ ಸಮಿತಿಯಲ್ಲಿ ಪಂಚಾಯಿತಿ, ಕಾರ್ಮಿಕ ಸಂಘ, ವರ್ತಕರು, ಉಪಾಧ್ಯಾಯರು, ಸ್ತ್ರೀಯರು ಇರಲಿ. ಅರ್ಜಿಯ ನಮೂನೆ ಕನ್ನಡದಲ್ಲಿ, ಎರಡೇ ಪುಟದಲ್ಲಿರಲಿ. ನೋಂದಣಿಯಿಲ್ಲದ ಸಣ್ಣ ಸಂಘಗಳಿಗೆ ನೋಂದಣಿ ಮಾಡಿಸಿಕೊಡುವ ನೆರವು ದೊರೆಯಲಿ. ಯಾರಿಗೆ ಎಷ್ಟು ಸಿಕ್ಕಿತು, ಯಾರಿಗೆ ಏಕೆ ಸಿಗಲಿಲ್ಲ ಎಂಬ ಎರಡೂ ಪಟ್ಟಿಗಳನ್ನು ಪಂಚಾಯಿತಿಯ ಬಾಗಿಲಿಗೂ ಕಾರ್ಖಾನೆಯ ಗೇಟಿಗೂ ಅಂಟಿಸಲಿ. ವರ್ಷದ ಕೊನೆಗೆ ಕೆಲಸ ನಡೆಯಿತೆ ಎಂದು ಅದೇ ಗ್ರಾಮಸಭೆ ನೋಡಲಿ.

ನಮ್ಮವರಿಗೂ ಒಂದು ಮಾತು ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. ಸಹಾಯಧನದ ವಾಸನೆ ಬಂದೊಡನೆ ಬೋರ್ಡು ಬರೆಯಿಸಿ ಸಂಘ ಕಟ್ಟುವವರು ನಮ್ಮ ನಡುವೆಯೂ ಇದ್ದಾರೆ. ಅಧ್ಯಕ್ಷ ಗಂಡ, ಕಾರ್ಯದರ್ಶಿ ಹೆಂಡತಿ, ಖಜಾಂಚಿ ಬಾವಮೈದುನ! ಇಂಥವರ ಕೈಗೆ ಹಣ ಬಿದ್ದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಸಮಿತಿಯಲ್ಲಿ ಕುಳಿತವನ ಸಂಘದ ಅರ್ಜಿ ಬಂದರೆ ಅವನು ಎದ್ದು ಹೊರಗೆ ಹೋಗತಕ್ಕದ್ದು. ಅವನು ನಮ್ಮ ಪಕ್ಷದವನಾದರೂ ಸರಿಯೆ. ಬೇರೆಯವರಿಗೆ ಹೇಳುವ ನೀತಿ ಮೊದಲು ನಮಗೆ ಅನ್ವಯಿಸಲಿ.

ಇದು ಭಿಕ್ಷೆಯ ಬೇಡಿಕೆಯಲ್ಲ. ಕಂಪೆನಿಗಳೊಡನೆ ಜಗಳದ ಕರೆಯೂ ಅಲ್ಲ. ಬರುವ ಗ್ರಾಮಸಭೆಗೆ ಪಾಳಿ ಮುಗಿಸಿದ ಕಾರ್ಮಿಕರು ಬರಲಿ. ವರ್ತಕರು ಒಂದು ಗಂಟೆ ಅಂಗಡಿ ಮುಚ್ಚಿ ಬರಲಿ. ಪ್ರತಿ ಊರಿನವರೂ ತಮ್ಮ ಮೊದಲ ಮೂರು ಅಗತ್ಯಗಳನ್ನು ಬರೆಯಿಸಿ ಠರಾವು ಮಾಡಲಿ. ಆ ಠರಾವಿನ ಪ್ರತಿಯನ್ನು ಒಂದೊಂದು ಕಾರ್ಖಾನೆಯ ಕಛೇರಿಗೂ ಕೈಯಾರೆ ಕೊಟ್ಟು ರಸೀದಿ ಪಡೆಯೋಣ. ಆಗ ಮುಂದಿನ ವರ್ಷ ಚೀಲ ಬರುವ ಮೊದಲು, ಏನು ಬೇಕು ಎಂಬ ಪ್ರಶ್ನೆ ಬಂದೀತು.