ಹೆಬ್ಬಾಳದ ಪಾಠ: ಸ್ಥಿರಾಸ್ತಿ ಕ್ಷೇತ್ರದ ನಾವೀನ್ಯಕ್ಕೆ ಸರಿಯಾದ ಅಳತೆಗೋಲು

ರಫ್ತು, ಗುಣಮಟ್ಟ, ಇಂಧನ ಉಳಿತಾಯ, ಮಹಿಳಾ ಉದ್ಯಮಶೀಲತೆ ಮೊದಲಾದ ಸಾಧನೆಗಳಿಗಾಗಿ ವಾಣಿಜ್ಯ ಸಂಸ್ಥೆಗಳೂ ಸರ್ಕಾರದ ಇಲಾಖೆಗಳೂ ಪ್ರತಿವರ್ಷ ಪ್ರಶಸ್ತಿಗಳನ್ನು ನೀಡುತ್ತಿವೆ. ವಾಣಿಜ್ಯ ಸ್ಥಿರಾಸ್ತಿ ಕ್ಷೇತ್ರವೂ ಈ ಪಟ್ಟಿಗೆ ಸೇರಿ ಕೆಲವು ಕಾಲವಾಯಿತು. ಕಂಪನಿಗಳ ಸ್ಥಿರಾಸ್ತಿ ನಿರ್ವಹಣೆಯಲ್ಲಿ ತೊಡಗಿರುವವರ ಅಂತರರಾಷ್ಟ್ರೀಯ ಸಂಘಟನೆಯಾದ ಕೋರ್‌ನೆಟ್ ಗ್ಲೋಬಲ್ ಈ ಕ್ಷೇತ್ರದ ನಾವೀನ್ಯವನ್ನು ಗುರುತಿಸಿ ಗೌರವಿಸುತ್ತ ಬಂದಿದೆ. ನಮ್ಮಲ್ಲಿಯೂ ಬಿಲ್ಡರುಗಳಿಗೆ ಮನ್ನಣೆ ನೀಡುವ ಸಮಾರಂಭಗಳಿಗೆ ಕೊರತೆಯಿಲ್ಲ. ಆದರೆ ಮನ್ನಣೆ ಯಾವುದಕ್ಕೆ ಸಲ್ಲಬೇಕು ಎಂಬ ಪ್ರಶ್ನೆಯನ್ನು ಯಾರೂ ಗಂಭೀರವಾಗಿ ಕೇಳಿದಂತಿಲ್ಲ. ಕಟ್ಟಿದ ಚದರ ಅಡಿ, ಏರಿದ ಮಹಡಿ ಮತ್ತು ಹೊದಿಸಿದ ಗಾಜು ಇವೇ ಬಹುಮಟ್ಟಿಗೆ ಅಳತೆಗಳಾಗಿವೆ.

ಬೆಂಗಳೂರಿನ ಉತ್ತರ ಭಾಗದ ಹೆಬ್ಬಾಳದ ಅನುಭವವನ್ನು ಲೆಕ್ಕಪತ್ರದ ದೃಷ್ಟಿಯಿಂದ ಪರಿಶೀಲಿಸಿದರೆ ಬೇರೊಂದು ಅಳತೆಗೋಲು ಗೋಚರಿಸುತ್ತದೆ. ಉದ್ಯಮಿಯ ಬಂಡವಾಳವನ್ನು ಭೂಮಿಯ ಹಿಡಿತದಿಂದ ಬಿಡಿಸಿ ಉತ್ಪಾದನೆಗೆ ಒದಗಿಸುವ ವ್ಯವಸ್ಥೆಯೇ ಈ ಕ್ಷೇತ್ರದ ನಿಜವಾದ ನಾವೀನ್ಯ. ಆ ವ್ಯವಸ್ಥೆ ದೊಡ್ಡ ಕಂಪನಿಗಳಿಗೆ ಈಗಾಗಲೇ ದೊರೆತಿದೆ. ಸಣ್ಣ ತಯಾರಕರಿಗೆ ಇನ್ನೂ ದೊರೆತಿಲ್ಲ.

ಹೆಬ್ಬಾಳ ಬೆಳೆದ ಬಗೆ

ಕ್ರಿ.ಶ. 8ನೆಯ ಶತಮಾನದ, ಗಂಗ ದೊರೆ ಶ್ರೀಪುರುಷನ ಕಾಲದ ಶಿಲಾಶಾಸನವೊಂದು ಹೆಬ್ಬಾಳದಲ್ಲಿ ದೊರೆತಿದೆ. ಅದರಲ್ಲಿ ಈ ಸೀಮೆಗೆ ಪೆರ್ಬೊಳಲ್ ನಾಡು ಎಂಬ ಹೆಸರಿದೆ. ಪೆರ್ಬೊಳಲ್ ಎಂದರೆ ದೊಡ್ಡ ಪಟ್ಟಣ. ಮುಂದಿನ ಶತಮಾನಗಳಲ್ಲಿ ಕೆರೆ ಮತ್ತು ಬೇಸಾಯಕ್ಕೆ, ಆನಂತರ ಕೃಷಿ ಶಿಕ್ಷಣಕ್ಕೆ ಹೆಸರಾದ ಈ ಊರು ಮತ್ತೆ ದೊಡ್ಡ ಪಟ್ಟಣವಾದದ್ದು ಇತ್ತೀಚೆಗೆ. 2003ರಲ್ಲಿ ಹೆಬ್ಬಾಳದ ಮೇಲ್ಸೇತುವೆ ಸಂಚಾರಕ್ಕೆ ತೆರೆಯಿತು. 2008ರ ಮೇ ತಿಂಗಳಿನಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದ ಮೇಲೆ ಹೊರವರ್ತುಲ ರಸ್ತೆ ಮತ್ತು ಬಳ್ಳಾರಿ ರಸ್ತೆಗಳು ಕೂಡುವ ಈ ಸ್ಥಳ ನಗರದ ಹೆಬ್ಬಾಗಿಲಾಯಿತು. ವಿಮಾನ ನಿಲ್ದಾಣದ ಮೆಟ್ರೋ ಮಾರ್ಗಕ್ಕೆ 2021ರಲ್ಲಿ ಕೇಂದ್ರ ಸಚಿವ ಸಂಪುಟದ ಒಪ್ಪಿಗೆ ದೊರೆಯಿತು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ರಸ್ತೆ, ಮೇಲ್ಸೇತುವೆ ಮತ್ತು ಮೆಟ್ರೋ ಮಾರ್ಗಗಳಿಗೆ ತೊಡಗಿಸಿದ್ದು ಬಹುಮಟ್ಟಿಗೆ ಸಾರ್ವಜನಿಕ ಹಣ. ಅದರಿಂದ ಹೆಚ್ಚಿದ ಮೌಲ್ಯ ಸೇರಿದ್ದು ಅಕ್ಕಪಕ್ಕದ ಜಮೀನಿನ ಒಡೆಯರಿಗೆ. ಅದೇ ಬೆಲೆ ಏರಿಕೆಯು ಯಶವಂತಪುರ, ಯಲಹಂಕ ಮತ್ತು ಆರ್.ಟಿ. ನಗರದ ಸುತ್ತಮುತ್ತ ಬಾಡಿಗೆಯ ಶೆಡ್ಡುಗಳಲ್ಲಿ ಲೇತು, ಪ್ರೆಸ್ಸುಗಳನ್ನು ನಡೆಸುವ ಸಣ್ಣ ಉದ್ದಿಮೆದಾರರಿಗೆ ಹೊರೆಯಾಗಿದೆ. ಶೆಡ್ಡಿನ ಮಾಲೀಕನಿಗೆ ಅಪಾರ್ಟ್‌ಮೆಂಟಿನ ಲಾಭ ಕಾಣಿಸಿದ ದಿನ ಬಾಡಿಗೆದಾರ ಯಂತ್ರಗಳನ್ನು ಕಿತ್ತು ಹೊರಡಬೇಕಾಗುತ್ತದೆ. ಅವನೊಂದಿಗೆ ಕುಶಲ ಕೆಲಸಗಾರರೂ ಹತ್ತಿರದ ಗಿರಾಕಿಗಳೂ ಚದುರಿಹೋಗುತ್ತಾರೆ.

ಹಿಂದಿನ ಪ್ರಯೋಗಗಳು

ಭೂಮಿಯ ವಿಷಯದಲ್ಲಿ ಕರ್ನಾಟಕ ಹಿಂದೆಯೂ ಹೊಸ ದಾರಿಗಳನ್ನು ಕಂಡುಕೊಂಡಿದೆ. 1960ರಲ್ಲಿ ಸ್ಥಾಪನೆಯಾದ ರಾಜ್ಯ ಸಣ್ಣ ಕೈಗಾರಿಕಾ ಅಭಿವೃದ್ಧಿ ನಿಗಮವು (ಕೆಎಸ್‌ಎಸ್‌ಐಡಿಸಿ) ಕೈಗಾರಿಕಾ ವಸಾಹತುಗಳಲ್ಲಿ ಶೆಡ್ಡುಗಳನ್ನು ಕಟ್ಟಿ ಸಣ್ಣ ಉದ್ದಿಮೆದಾರರಿಗೆ ಒದಗಿಸಿತು. ಗೋಡೆ ಮತ್ತು ಚಾವಣಿಗೆ ಹಣ ಸುರಿಯದೆ ಯಂತ್ರದೊಡನೆ ಒಳಗೆ ಬಂದು ಕೆಲಸ ಆರಂಭಿಸುವ ಅವಕಾಶ ಅದು. 1966ರ ಕಾಯ್ದೆಯಂತೆ ರಚನೆಯಾದ ಕೆಐಎಡಿಬಿ ನಿವೇಶನಗಳನ್ನು ಹಂಚಿತು. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. 1990ರ ದಶಕದಲ್ಲಿ ಸಿಂಗಾಪುರ, ಟಾಟಾ ಸಮೂಹ ಮತ್ತು ರಾಜ್ಯ ಸರ್ಕಾರದ ಸಹಭಾಗಿತ್ವದಲ್ಲಿ ವೈಟ್‌ಫೀಲ್ಡಿನ ಟೆಕ್ ಪಾರ್ಕ್ ರೂಪುಗೊಂಡಿತು.

ಇವುಗಳಲ್ಲಿ ಮೊದಲನೆಯದರ ಫಲಾನುಭವಿ ಸಣ್ಣ ತಯಾರಕ. ಕೊನೆಯದರ ಫಲಾನುಭವಿ ಬಹುರಾಷ್ಟ್ರೀಯ ಕಂಪನಿ. ನಾಲ್ಕು ದಶಕಗಳಲ್ಲಿ ನಾವೀನ್ಯದ ದಿಕ್ಕು ಹೇಗೆ ಬದಲಾಯಿತು ಎಂಬುದು ಇದರಿಂದ ತಿಳಿಯುತ್ತದೆ.

ಮಾನ್ಯತಾ ಮತ್ತು ರೀಟ್

ಹೆಬ್ಬಾಳ ಮತ್ತು ನಾಗವಾರಗಳ ನಡುವೆ ಹೊರವರ್ತುಲ ರಸ್ತೆಯ ಅಂಚಿನಲ್ಲಿ ಸುಮಾರು 120 ಎಕರೆ ವಿಸ್ತಾರದ ಎಂಬೆಸಿ ಮಾನ್ಯತಾ ಬಿಸಿನೆಸ್ ಪಾರ್ಕ್ ಇದೆ. ನೋಡುವವರ ಗಮನ ಸೆಳೆಯುವುದು ಅದರ ಕಟ್ಟಡಗಳು. ಆದರೆ ಆರ್ಥಿಕ ಇತಿಹಾಸದಲ್ಲಿ ಅದಕ್ಕೆ ಸ್ಥಾನ ಒದಗಿಸಿದ್ದು ಒಡೆತನದ ಸ್ವರೂಪ. ಷೇರು ನಿಯಂತ್ರಣ ಮಂಡಳಿ ಸೆಬಿ 2014ರಲ್ಲಿ ರೀಟ್, ಅಂದರೆ ಸ್ಥಿರಾಸ್ತಿ ಹೂಡಿಕೆ ಟ್ರಸ್ಟ್‌ಗಳ ನಿಯಮಾವಳಿಯನ್ನು ಹೊರಡಿಸಿತು. ಅದರಂತೆ 2019ರ ಏಪ್ರಿಲ್ 1ರಂದು ಷೇರುಪೇಟೆಯನ್ನು ಪ್ರವೇಶಿಸಿದ ಭಾರತದ ಮೊದಲ ರೀಟ್ ಎಂಬೆಸಿ ಆಫೀಸ್ ಪಾರ್ಕ್ಸ್. ಮಾನ್ಯತಾ ಅದರ ಪ್ರಮುಖ ಆಸ್ತಿ. ಸಾರ್ವಜನಿಕರಿಂದ ಸಂಗ್ರಹವಾದ ಮೊತ್ತ ಸುಮಾರು 4,750 ಕೋಟಿ ರೂಪಾಯಿ.

ರೀಟ್‌ನ ಕಾರ್ಯವಿಧಾನ ಸರಳವಾದುದು. ಆಸ್ತಿಯ ಮೌಲ್ಯದಲ್ಲಿ ಕನಿಷ್ಠ ಶೇ. 80 ಭಾಗ ಪೂರ್ಣಗೊಂಡು ಬಾಡಿಗೆ ತರುತ್ತಿರುವ ಕಟ್ಟಡಗಳಲ್ಲಿರಬೇಕು. ವಿತರಣೆಗೆ ಲಭ್ಯವಾದ ನಿವ್ವಳ ನಗದಿನ ಕನಿಷ್ಠ ಶೇ. 90 ಭಾಗವನ್ನು ಯೂನಿಟ್‌ದಾರರಿಗೆ ಹಂಚಬೇಕು. ಆರಂಭದಲ್ಲಿ ಅರ್ಜಿ ಸಲ್ಲಿಸಲು 2.4 ಲಕ್ಷ ರೂಪಾಯಿ ಬೇಕಾಗಿತ್ತು. 2021ರಲ್ಲಿ ಸೆಬಿ ಈ ಮಿತಿಯನ್ನು 10,000ದಿಂದ 15,000 ರೂಪಾಯಿಗೆ ಇಳಿಸಿ, ಪೇಟೆಯಲ್ಲಿ ಒಂದೊಂದೇ ಯೂನಿಟ್ ಕೊಳ್ಳುವುದಕ್ಕೂ ಅವಕಾಶ ನೀಡಿತು. ಚಿಕ್ಕಪೇಟೆಯ ವರ್ತಕನೂ ಹೆಬ್ಬಾಳದ ಬಾಡಿಗೆಯಲ್ಲಿ ಪಾಲು ಪಡೆಯಬಹುದಾಯಿತು.

ಇದರ ಪರಿಣಾಮವನ್ನು ಮೂವರ ದೃಷ್ಟಿಯಿಂದ ನೋಡಬೇಕು. ಕಟ್ಟಿದವನಿಗೆ ಹಣ ಮರಳಿ ದೊರೆತು ಮುಂದಿನ ಯೋಜನೆಗೆ ಒದಗಿತು. ಬಾಡಿಗೆದಾರ ಕಂಪನಿಗೆ ಭೂಮಿ ಕೊಳ್ಳುವ ಗೊಡವೆಯಿಲ್ಲದೆ ದೀರ್ಘಾವಧಿಯ, ನಿಶ್ಚಿತ ಏರಿಕೆಯ ಕರಾರಿನಲ್ಲಿ ಜಾಗ ದೊರೆಯಿತು. ಸಣ್ಣ ಹೂಡಿಕೆದಾರನಿಗೆ ನಿಯಂತ್ರಿತ ವ್ಯವಸ್ಥೆಯಲ್ಲಿ ಬಾಡಿಗೆಯ ಆದಾಯ ಬಂದಿತು. ಒಡೆತನ ಮತ್ತು ಬಳಕೆಗಳನ್ನು ಬೇರ್ಪಡಿಸಿದ ಈ ವ್ಯವಸ್ಥೆಯೇ ಮನ್ನಣೆಗೆ ಅರ್ಹವಾದ ನಾವೀನ್ಯ.

ಸಣ್ಣ ತಯಾರಕನ ಅಢಾವೆ ಪತ್ರಿಕೆ

ಈಗ ಅದೇ ಪ್ರದೇಶದ ಸಣ್ಣ ತಯಾರಕನ ಅಢಾವೆ ಪತ್ರಿಕೆಯನ್ನು ಊಹಿಸಿಕೊಳ್ಳಬಹುದು. ಅವನ ಬಳಿ 2 ಕೋಟಿ ರೂಪಾಯಿ ಇದೆ ಎಂದಿಟ್ಟುಕೊಳ್ಳೋಣ. 1.5 ಕೋಟಿಯನ್ನು ನಿವೇಶನ ಮತ್ತು ಶೆಡ್ಡಿಗೆ ಹಾಕಿದರೆ ಯಂತ್ರ ಮತ್ತು ದುಡಿಯುವ ಬಂಡವಾಳಕ್ಕೆ ಉಳಿಯುವುದು 50 ಲಕ್ಷ. ಆ ಹಣ ವರ್ಷಕ್ಕೆ ನಾಲ್ಕು ಬಾರಿ ಸುತ್ತಿದರೆ 2 ಕೋಟಿ ವಹಿವಾಟು, ಶೇ. 8ರ ಲಾಭಾಂಶದಂತೆ 16 ಲಕ್ಷ ಲಾಭ. ಅದೇ ಜಾಗ ಮೌಲ್ಯದ ಶೇ. 6ರ ದರದಲ್ಲಿ ಬಾಡಿಗೆಗೆ ದೊರೆತರೆ ವಾರ್ಷಿಕ ಬಾಡಿಗೆ 9 ಲಕ್ಷ. ಇನ್ನೂ 50 ಲಕ್ಷವನ್ನು ವ್ಯವಹಾರಕ್ಕೆ ಹಾಕಿ ವಹಿವಾಟು 4 ಕೋಟಿಗೆ ಏರಿದರೆ ಲಾಭ 32 ಲಕ್ಷ. ಬಾಡಿಗೆ ಕಳೆದು 23 ಲಕ್ಷ. ಮೇಲಾಗಿ 1 ಕೋಟಿ ರೂಪಾಯಿ ಕೈಯಲ್ಲೇ ಉಳಿಯುತ್ತದೆ.

ಸರ್ಕಾರದ ಕಾನೂನು ಕೂಡ ಈ ತತ್ವವನ್ನು ಒಪ್ಪುತ್ತದೆ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ವರ್ಗೀಕರಣದಲ್ಲಿ ಯಂತ್ರೋಪಕರಣಗಳ ಹೂಡಿಕೆ ಮತ್ತು ವಹಿವಾಟನ್ನು ಮಾತ್ರ ಪರಿಗಣಿಸಲಾಗುತ್ತದೆ. 2025ರ ಏಪ್ರಿಲ್ 1ರಿಂದ ಸಣ್ಣ ಉದ್ದಿಮೆಯ ಮಿತಿ 25 ಕೋಟಿ ಹೂಡಿಕೆ ಮತ್ತು 100 ಕೋಟಿ ವಹಿವಾಟು. ಭೂಮಿ ಮತ್ತು ಕಟ್ಟಡಗಳು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಕಾನೂನು ಹೊರಗಿಟ್ಟ ಬಾಬತ್ತೇ ವಾಸ್ತವದಲ್ಲಿ ಸಣ್ಣ ಉದ್ದಿಮೆದಾರನ ಬಂಡವಾಳದ ಬಹುಭಾಗವನ್ನು ನುಂಗುತ್ತಿರುವುದು ವಿಪರ್ಯಾಸ.

ಆಕ್ಷೇಪಗಳು

ಭೂಮಿಯ ಬೆಲೆ ಏರುತ್ತದೆ, ಬ್ಯಾಂಕಿನ ಸಾಲಕ್ಕೆ ಅಡಮಾನವಾಗುತ್ತದೆ, ಬಾಡಿಗೆ ಕಟ್ಟಿದ ಹಣ ಮರಳಿ ಬರುವುದಿಲ್ಲ ಎಂಬ ವಾದ ವರ್ತಕ ವಲಯದಲ್ಲಿ ಬೇರೂರಿದೆ. ಇದನ್ನು ತಳ್ಳಿಹಾಕುವಂತಿಲ್ಲ. ಭೂಮಿ ಕೊಂಡವರಲ್ಲಿ ಅನೇಕರು ಉದ್ದಿಮೆಗಿಂತ ಭೂಮಿಯಿಂದಲೇ ಹೆಚ್ಚು ಗಳಿಸಿದ್ದಾರೆ. ಆದರೆ ಆ ಗಳಿಕೆ ಕೈಗೆ ಬರುವುದು ಜಾಗ ಮಾರಿ ಉದ್ದಿಮೆಯನ್ನು ಮುಚ್ಚಿದಾಗ ಅಥವಾ ಸ್ಥಳಾಂತರಿಸಿದಾಗ. ಅಡಮಾನದ ಮಾತಿಗೆ ಬಂದರೆ, ಸಾಲ ಖಾತರಿ ನಿಧಿ ಸಂಸ್ಥೆಯಾದ ಸಿಜಿಟಿಎಂಎಸ್‌ಇ ಯೋಜನೆಯಡಿ ಅಡಮಾನರಹಿತ ಸಾಲದ ಖಾತರಿ ಮಿತಿಯನ್ನು 2025ರ ಏಪ್ರಿಲ್‌ನಿಂದ 5 ಕೋಟಿಯಿಂದ 10 ಕೋಟಿಗೆ ಏರಿಸಲಾಗಿದೆ.

ನಿಜವಾದ ತೊಡಕು ಬಾಡಿಗೆಯ ಅಭದ್ರತೆಯಲ್ಲಿದೆ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯವಾದುದರಿಂದ 11 ತಿಂಗಳ ಕರಾರು ರೂಢಿಗೆ ಬಂದಿದೆ. ಹನ್ನೊಂದು ತಿಂಗಳ ನಂಬಿಕೆಯ ಮೇಲೆ ಹತ್ತು ವರ್ಷ ದುಡಿಯುವ ಯಂತ್ರಕ್ಕೆ ಯಾರೂ ಅಡಿಪಾಯ ಹಾಕಲಾರರು. ಟೆಕ್ ಪಾರ್ಕಿನ ಬಾಡಿಗೆದಾರನಿಗೆ ದೊರೆಯುವ ಭದ್ರತೆ ಲೇತಿನ ಮಾಲೀಕನಿಗೂ ದೊರೆಯದ ಹೊರತು ಮೇಲಿನ ಲೆಕ್ಕ ಕಾಗದದ ಮೇಲೆಯೇ ಉಳಿಯುತ್ತದೆ.

ಎರಡನೆಯ ತೊಡಕು ತೆರಿಗೆಯದು. ನೋಂದಣಿಯಿಲ್ಲದ ಮಾಲೀಕನಿಂದ ವಾಣಿಜ್ಯ ಜಾಗ ಬಾಡಿಗೆಗೆ ಪಡೆದ ನೋಂದಾಯಿತ ವರ್ತಕನೇ 2024ರ ಅಕ್ಟೋಬರ್ 10ರಿಂದ ಶೇ. 18 ಜಿಎಸ್‌ಟಿ ಪಾವತಿಸಬೇಕಾಗಿದೆ. ಸಾಮಾನ್ಯ ಪದ್ಧತಿಯವರಿಗೆ ಇದು ಇನ್‌ಪುಟ್ ಕ್ರೆಡಿಟ್ ಆಗಿ ಮರಳುತ್ತದೆ. ಕಾಂಪೋಸಿಷನ್ ಪದ್ಧತಿಯವರಿಗೆ 2025ರ ಜನವರಿಯಲ್ಲಿ ವಿನಾಯಿತಿ ದೊರೆಯಿತು. ಹೆಚ್ಚು ಗಂಭೀರವಾದುದು ಕಟ್ಟಡ ನಿರ್ಮಾಣದ ತೆರಿಗೆ. ಬಾಡಿಗೆಗೆಂದೇ ಕಟ್ಟುವವನು ಸಿಮೆಂಟು, ಉಕ್ಕಿನ ಮೇಲೆ ತೆತ್ತ ಜಿಎಸ್‌ಟಿಗೆ ಕ್ರೆಡಿಟ್ ಇಲ್ಲ. ಸಫಾರಿ ರಿಟ್ರೀಟ್ಸ್ ಪ್ರಕರಣದಲ್ಲಿ 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಇದಕ್ಕೆ ತೆರೆದ ಕಿರುಬಾಗಿಲನ್ನು 2025ರ ಹಣಕಾಸು ಕಾಯ್ದೆ ಪೂರ್ವಾನ್ವಯವಾಗಿ ಮುಚ್ಚಿತು. ಹೀಗೆ ಸಿಕ್ಕಿಕೊಂಡ ತೆರಿಗೆ ಕೊನೆಗೆ ಬಾಡಿಗೆಯೊಳಗೆ ಸೇರಿ ಸಣ್ಣವನ ತಲೆಗೆ ಬರುತ್ತದೆ.

ಮುಂದಿನ ದಾರಿ

ಸಿಂಗಾಪುರದಲ್ಲಿ 1960ರ ದಶಕದಿಂದಲೂ ಬಹುಮಹಡಿ ಕಾರ್ಖಾನೆ ಕಟ್ಟಡಗಳು ಸಣ್ಣ ತಯಾರಕರಿಗೆ ಬಾಡಿಗೆಗೆ ದೊರೆಯುತ್ತಿವೆ. ಮುಂಬಯಿಯ ಸೀಪ್ಜ್ ವಲಯದಲ್ಲಿಯೂ ಸಿದ್ಧ ಕಾರ್ಖಾನೆ ಕಟ್ಟಡಗಳಿವೆ. ಎಲೆಕ್ಟ್ರಾನಿಕ್ಸ್ ಜೋಡಣೆ, ಉಡುಪು, ಪ್ಯಾಕಿಂಗ್, ಉಪಕರಣ ತಯಾರಿಕೆಯಂತಹ ಹಗುರ ಕೆಲಸಗಳಿಗೆ ಇವು ಸೂಕ್ತ. ಭಾರಿ ಪ್ರೆಸ್ಸುಗಳಿಗೆ ನೆಲಮಹಡಿಯೇ ಬೇಕು. ಭೂಮಿ ದುಬಾರಿಯಾದ ಉತ್ತರ ಬೆಂಗಳೂರಿನಲ್ಲಿ ಇಂತಹ ಕಟ್ಟಡಗಳ ಅಗತ್ಯ ಹೆಚ್ಚಿದೆ.

ಹಣಕಾಸಿನ ದಾರಿಯೂ ಸ್ವಲ್ಪ ತೆರೆದಿದೆ. ಹಿಂದೆ ರೀಟ್‌ಗೆ ಕನಿಷ್ಠ 500 ಕೋಟಿಯ ಆಸ್ತಿ ಬೇಕಾಗಿತ್ತು. 2024ರ ಮಾರ್ಚ್‌ನಲ್ಲಿ ಸೆಬಿ 50 ಕೋಟಿಯಿಂದ ಆರಂಭವಾಗುವ ಸಣ್ಣ ಮತ್ತು ಮಧ್ಯಮ ರೀಟ್‌ಗಳಿಗೆ ಅವಕಾಶ ನೀಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಪೇಟೆಗೆ ಬಂದ ಇಂತಹ ಮೊದಲ ಯೋಜನೆಯ ಆಸ್ತಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿ ಕಟ್ಟಡ. ಯೂನಿಟ್ ಒಂದಕ್ಕೆ ಕನಿಷ್ಠ 10 ಲಕ್ಷ ರೂಪಾಯಿಯ ಮಿತಿ ಸಾಮಾನ್ಯ ಹೂಡಿಕೆದಾರನಿಗೆ ಎಟುಕದು ಎಂಬುದು ನಿಜ. ಆದರೂ ಈ ಮಾದರಿಯನ್ನು ಕಚೇರಿಯಿಂದ ಕಾರ್ಖಾನೆಗೆ ತರುವವರಿಗೆ ಮೊದಲ ಮನ್ನಣೆ ಸಲ್ಲಬೇಕು.

ಆದ್ದರಿಂದ ವಾಣಿಜ್ಯ ಸಂಸ್ಥೆಗಳು ಸ್ಥಿರಾಸ್ತಿ ಕ್ಷೇತ್ರದ ಸಾಧನೆಯನ್ನು ಗುರುತಿಸುವಾಗ ಈ ಕೆಳಗಿನ ಅಂಶಗಳನ್ನು ಪರಿಗಣಿಸುವುದು ಸೂಕ್ತ:

1. ಯೋಜನೆಯಲ್ಲಿ ಎಷ್ಟು ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಜಾಗ ದೊರೆಯಿತು, ಅವುಗಳ ಎಷ್ಟು ಬಂಡವಾಳ ಭೂಮಿಯಿಂದ ಬಿಡುಗಡೆಯಾಯಿತು.

2. ಸಣ್ಣ ಬಾಡಿಗೆದಾರರಿಗೆ ಕನಿಷ್ಠ ಒಂಬತ್ತು ವರ್ಷಗಳ ನೋಂದಾಯಿತ, ನಿಶ್ಚಿತ ಏರಿಕೆಯ ಗುತ್ತಿಗೆ ಇದೆಯೇ.

3. ನಿರ್ಮಾಣ ಮತ್ತು ನಿರ್ವಹಣೆಯ ಸಾಮಗ್ರಿಯಲ್ಲಿ ಸ್ಥಳೀಯ ಸಣ್ಣ ತಯಾರಕರ ಪಾಲೆಷ್ಟು, ಹಣ 45 ದಿನಗಳೊಳಗೆ ಸಂದಾಯವಾಗಿದೆಯೇ. ಈ ಗಡುವಿನ ಕಾನೂನಿನ ರಕ್ಷಣೆ ಬರಿಯ ವರ್ತಕರಿಗಿಲ್ಲ. ಪ್ರಶಸ್ತಿಯ ನಿಯಮದಲ್ಲಾದರೂ ಅವರನ್ನು ಸೇರಿಸಬಹುದು.

4. ಸಾರ್ವಜನಿಕ ರಸ್ತೆ, ನೀರು, ವಿದ್ಯುತ್ತಿನ ಮೇಲೆ ಹಾಕಿದ ಹೊರೆ ಎಷ್ಟು, ಅದನ್ನು ತಗ್ಗಿಸಲು ಮಾಡಿದ ವೆಚ್ಚವೆಷ್ಟು. ಎಂಬೆಸಿ ಸಮೂಹ ಬಳ್ಳಾರಿ ಜಿಲ್ಲೆಯಲ್ಲಿ 100 ಮೆಗಾವಾಟ್ ಸೌರ ಸ್ಥಾವರ ನಿರ್ಮಿಸಿ ಬೆಂಗಳೂರಿನ ಪಾರ್ಕುಗಳಿಗೆ ವಿದ್ಯುತ್ ಒದಗಿಸಿದ್ದು ಈ ದಿಕ್ಕಿನ ಉತ್ತಮ ನಿದರ್ಶನ.

ಪ್ರಶಸ್ತಿಯಷ್ಟರಿಂದಲೇ ಕೆಲಸ ಮುಗಿಯುವುದಿಲ್ಲ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಬಾಡಿಗೆಗೆ ನೀಡಲು ಕಟ್ಟುವ ಕಾರ್ಖಾನೆ ಕಟ್ಟಡಗಳಿಗೆ ನಿರ್ಮಾಣದ ಇನ್‌ಪುಟ್ ಕ್ರೆಡಿಟ್ ನೀಡುವಂತೆ ಜಿಎಸ್‌ಟಿ ಮಂಡಳಿಯ ಮುಂದೆ ಬೇಡಿಕೆ ಮಂಡಿಸಬೇಕು. ಇಂತಹ ಗುತ್ತಿಗೆಗಳ ಮುದ್ರಾಂಕ ಮತ್ತು ನೋಂದಣಿ ಶುಲ್ಕವನ್ನು ತಗ್ಗಿಸುವಂತೆ ರಾಜ್ಯ ಸರ್ಕಾರವನ್ನು ಒತ್ತಾಯಿಸಬೇಕು. 1960ರಲ್ಲಿ ಶೆಡ್ಡು ಕಟ್ಟಿಕೊಟ್ಟ ನಿಗಮ ಇಂದು ಮಹಡಿಗಳನ್ನು ಕಟ್ಟಿ ಬಾಡಿಗೆಗೆ ನೀಡಲು ಮುಂದಾಗಬೇಕು.

ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ಸ್ಥಾಪನೆಯಾಯಿತು. ಅಂದಿನಿಂದ ಇಂದಿನವರೆಗೆ ವಾಣಿಜ್ಯ ಸಂಸ್ಥೆಗಳ ಬಲವಾಗಿ ನಿಂತವರು ಸಣ್ಣ ವರ್ತಕರು ಮತ್ತು ತಯಾರಕರು. ಹೆಬ್ಬಾಳದ ಗಾಜಿನ ಗೋಪುರಗಳಿಗೆ ಹೊಗಳಿಕೆಯ ಕೊರತೆಯಿಲ್ಲ. ಅವುಗಳ ಹಿಂದಿನ ಹಣಕಾಸಿನ ಜಾಣ್ಮೆಯನ್ನು ಲೇತು, ಪ್ರೆಸ್ಸುಗಳ ಮಾಲೀಕನಿಗೂ ತಲುಪಿಸುವವರನ್ನು ಮುಂದಿನ ವಾರ್ಷಿಕ ಸಮಾರಂಭದ ವೇದಿಕೆಗೆ ಕರೆಯುವ ಕೆಲಸ ವಾಣಿಜ್ಯ ಸಂಸ್ಥೆಗಳ ಕೈಯಲ್ಲಿದೆ.