ಹಂಪಿಯ ಪೇಟೆ, ಪೇಟೆಯ ಜನ

ಸ್ಮಾರಕದ ಸುತ್ತ ಬದುಕುವವರಿಗೆ ಅದರ ರಕ್ಷಣೆಯಲ್ಲಿ ಎಷ್ಟು ಪಾಲಿರಬೇಕೆಂಬ ಪ್ರಶ್ನೆ ಕರ್ನಾಟಕದಲ್ಲಿ ಅತಿ ಕಟುವಾಗಿ ಎದುರಾದ ಜಾಗಗಳಲ್ಲಿ ಹಂಪಿಯೂ ಒಂದು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಊರು ಬರೀ ಹಾಳು ಹಂಪಿಯಲ್ಲ. 1565ರ ಯುದ್ಧದ ಬಳಿಕ ವಿಜಯನಗರದ ರಾಜಧಾನಿ ಬರಿದಾದರೂ ವಿರೂಪಾಕ್ಷನ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತಿದೆ. ಚೈತ್ರದಲ್ಲಿ ತೇರು ಎಳೆಯುತ್ತಾರೆ, ಫಲಪೂಜೆಗೆ ಸುತ್ತಲ ಹಳ್ಳಿಯವರು ಸೇರುತ್ತಾರೆ, ಅರಸರ ಕಾಲದ ತುರ್ತು ಕಾಲುವೆಯ ನೀರು ಈಗಲೂ ಬಾಳೆ ತೋಟಕ್ಕೂ ಭತ್ತದ ಗದ್ದೆಗೂ ಹರಿಯುತ್ತದೆ.

ಗುಡಿಯ ಎದುರಿನ ರಥಬೀದಿಯ ಎರಡೂ ಬದಿಗೆ ಸಾಲು ಮಂಟಪಗಳಿವೆ. ವಿಜಯನಗರದ ಪೇಟೆ ಬೀದಿಗಳ ಜನಸಂದಣಿಯನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ 16ನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ನಮ್ಮ ಕಾಲದಲ್ಲಿ ಆ ಮಂಟಪಗಳಲ್ಲಿ ಮತ್ತೆ ಸಂಸಾರಗಳಿದ್ದವು, ಅಂಗಡಿ ಖಾನಾವಳಿಗಳಿದ್ದವು. ಕಲ್ಲುಕಂಬಗಳ ನಡುವೆ ಇಟ್ಟಿಗೆ ಗೋಡೆ ಎದ್ದಿತ್ತು, ಮುಂದೆ ಶಟರ್ ಇಳಿದಿತ್ತು, ಹಿಂದಿನ ಓಣಿಗಳಲ್ಲಿ ಲಾಡ್ಜುಗಳು ಮಹಡಿಯ ಮೇಲೆ ಮಹಡಿ ಏರಿಸಿದ್ದವು. ಸ್ಮಾರಕಕ್ಕೆ ಇದರಿಂದ ಹಾನಿಯಾಗುತ್ತಿತ್ತೆಂಬುದು ಸುಳ್ಳಲ್ಲ. 2011ರ ಜುಲೈನಲ್ಲಿ ಜೆಸಿಬಿಗಳು ಬಂದವು. ಜಾಗ ಖಾಲಿ ಮಾಡಲು ಅವಕಾಶ ಸಿಕ್ಕಿದ್ದು ಗಂಟೆಗಳ ಲೆಕ್ಕದಲ್ಲಿ. ಪಾತ್ರೆ ಪಗಡೆ ಬೀದಿಗೆ ಬಿತ್ತು. ಪುನರ್ವಸತಿಗೆಂದು ತೋರಿಸಿದ ಕಡ್ಡಿರಾಂಪುರದ ನಿವೇಶನಗಳಿಗಾಗಿ ಕುಟುಂಬಗಳು ವರ್ಷಗಟ್ಟಲೆ ಕಾಯಬೇಕಾಯಿತು. ಪೇಟೆಯಾಗಿಯೇ ಹುಟ್ಟಿದ ಬೀದಿಯನ್ನು ಉಳಿಸಲು ಅಲ್ಲಿನ ವ್ಯಾಪಾರವನ್ನೇ ಎಬ್ಬಿಸಿದ್ದು ಸಂರಕ್ಷಣೆಯ ಇತಿಹಾಸದಲ್ಲಿ ವಿಚಿತ್ರವಾದ ಪುಟ.

ಒತ್ತುವರಿ ತೆರವು ಎಂಬ ಪದ ಕಡತಕ್ಕೆ ಸಾಕು, ನ್ಯಾಯಕ್ಕೆ ಸಾಲದು. ಹಕ್ಕುಪತ್ರ ಇಲ್ಲದವರೆಂಬ ಒಂದೇ ಕಾರಣಕ್ಕೆ ಅಲ್ಲಿ ಹುಟ್ಟಿ ಬೆಳೆದವರು, ತೇರಿನ ಮಿಣಿ ಹಿಡಿದವರು ಹೊರಗಿನವರಾಗಿಬಿಟ್ಟರು. 2002ರ ಕಾಯ್ದೆಯಿಂದ ಹುಟ್ಟಿದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರಕ್ಕೆ ಯೋಜನೆ ಮಾಡುವ ಅಧಿಕಾರವಿದೆ. ಯೋಜನೆ ಸಿದ್ಧವಾದ ಮೇಲೆ ಆಕ್ಷೇಪಣೆ ಕೇಳುವುದಕ್ಕೂ ಯೋಜನೆ ಬರೆಯುವಾಗಲೇ ಊರವರನ್ನು ಜೊತೆಗೆ ಕೂರಿಸಿಕೊಳ್ಳುವುದಕ್ಕೂ ಅಜಗಜಾಂತರವಿದೆ. ಉತ್ಸವದ ದಿನ ಡೊಳ್ಳು ಬಾರಿಸಲು ಕರೆದು ಅದನ್ನೇ ಸಮುದಾಯದ ಸಹಭಾಗಿತ್ವ ಎನ್ನುವುದಂತೂ ಹಳೆಯ ಚಾಳಿ.

ನದಿಯಾಚೆಯ ಆನೆಗೊಂದಿಯ ಅನುಭವ ಇನ್ನೂ ತೊಡಕಿನದು. ತಳವಾರಘಟ್ಟದ ಬಳಿ ತುಂಗಭದ್ರೆಗೆ ತೂಗುಸೇತುವೆ ಬೇಕೆಂದವರಲ್ಲಿ ಸ್ಥಳೀಯರೂ ಇದ್ದರು. ಹೊಳೆ ತುಂಬಿದಾಗ ಹರಿಗೋಲು ನಂಬಿ ಆಸ್ಪತ್ರೆಗೆ ಹೋಗುವ ಕಷ್ಟ ಅವರದು. ಸ್ಮಾರಕಗಳ ನಡುವೆ ಎದ್ದ ಆ ಕಾಮಗಾರಿಯಿಂದಾಗಿಯೇ 1999ರಲ್ಲಿ ಹಂಪಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹೋಯಿತು, 2006ರಲ್ಲಿ ಹೊರಬಂತು. ನಿಂತು ಮತ್ತೆ ಶುರುವಾದ ಸೇತುವೆ 2009ರ ಜನವರಿಯಲ್ಲಿ ಮುಗಿಯುವ ಮುನ್ನವೇ ಕುಸಿದು ಕೂಲಿಕಾರರು ಸತ್ತರು. ಆಮೇಲೆ ಬುಕ್ಕಸಾಗರ ಮತ್ತು ಕಡೆಬಾಗಿಲು ನಡುವೆ, ತುಸು ದೂರದಲ್ಲಿ, ಬೇರೆ ಸೇತುವೆ ಬಂತು. ಜನ ಕೇಳಿದ್ದೆಲ್ಲ ಪರಂಪರೆಗೆ ಒಳ್ಳೆಯದೇ ಆಗಬೇಕೆಂದಿಲ್ಲ. ಆದರೆ ಬೇರೆ ದಾರಿ ತೋರಿಸದೆ ಬೇಡ ಎನ್ನುವ ಹಕ್ಕು ತಜ್ಞರಿಗೂ ಇಲ್ಲ.

ಈ ವಿಷಯದಲ್ಲಿ ಜಗತ್ತು ತಡವಾಗಿ ಎಚ್ಚೆತ್ತಿತು. 1972ರ ವಿಶ್ವ ಪರಂಪರೆ ಒಡಂಬಡಿಕೆಯ ಕಾರ್ಯೋದ್ದೇಶಗಳಲ್ಲಿ ಸಮುದಾಯಕ್ಕೆ ಪ್ರತ್ಯೇಕ ಸ್ಥಾನ ಸಿಕ್ಕಿದ್ದು 2007ರಲ್ಲಿ, ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಸಭೆಯಲ್ಲಿ. ಹಾಡು, ಆಚರಣೆ, ಕಸುಬುಗಳಂಥ ಅಮೂರ್ತ ಪರಂಪರೆಗೆ 2015ರಲ್ಲಿ ರೂಪಿಸಿದ 12 ನೈತಿಕ ಸೂತ್ರಗಳು ಇನ್ನೂ ಖಚಿತವಾಗಿವೆ: ಸಂಬಂಧಪಟ್ಟವರ ಸಮ್ಮತಿ ಮುಂಚಿತವಾಗಿ, ಒತ್ತಾಯವಿಲ್ಲದೆ, ಎಲ್ಲ ತಿಳಿಸಿ ಪಡೆದದ್ದಾಗಿರಬೇಕು, ಲಾಭದಲ್ಲಿ ಅವರಿಗೆ ಪಾಲಿರಬೇಕು. ಕಲ್ಲಿನ ಸ್ಮಾರಕಕ್ಕೆ ಈ ಸೂತ್ರಗಳು ನೇರವಾಗಿ ಅನ್ವಯಿಸವು. ಹಂಪಿಯಲ್ಲಿ ಕಲ್ಲನ್ನೂ ಜಾತ್ರೆಯನ್ನೂ ಬೇರೆ ಬೇರೆ ಕಡತದಲ್ಲಿ ಇಟ್ಟದ್ದರಿಂದಲೇ ಅರ್ಧ ತೊಂದರೆ.

ಸಮುದಾಯ ಎಂದರೂ ಒಂದೇ ದನಿಯಲ್ಲ. ಲಾಡ್ಜಿನ ಮಾಲೀಕ, ಎಳನೀರು ಮಾರುವವಳು, ಅರ್ಚಕ, ಬಾಳೆ ಬೆಳೆಯುವ ರೈತ, ಹರಿಗೋಲು ಹಾಕುವವನು, ಇವರ ಹಿತಗಳು ಪರಸ್ಪರ ಡಿಕ್ಕಿ ಹೊಡೆಯುತ್ತವೆ. ಸಭೆಗೆ ಬರುವವರು ಸಾಮಾನ್ಯವಾಗಿ ಊರಿನ ಮುಖಂಡರು; ದಿನಗೂಲಿ ಬಿಟ್ಟು ಬರಲಾಗದವರ ಮಾತು ದಾಖಲಾಗುವುದಿಲ್ಲ. ಆನೆಗೊಂದಿಯಲ್ಲಿ 1997ರಿಂದ ಕಿಷ್ಕಿಂದಾ ಟ್ರಸ್ಟ್ ಬಾಳೆನಾರಿನ ಕಸುಬನ್ನು ಹೆಣ್ಣುಮಕ್ಕಳಿಗೆ ಕಲಿಸಿ, ಹಳೆಯ ಮನೆಗಳನ್ನು ದುರಸ್ತಿ ಮಾಡಿಸಿ, ಪರಂಪರೆಯಿಂದ ಮನೆಗೆ ನಾಲ್ಕು ಕಾಸು ಬರುವ ಬಗೆಯನ್ನು ತೋರಿಸಿದೆ. ಪ್ರಮಾಣ ಚಿಕ್ಕದು, ಎಲ್ಲ ಊರಿಗೂ ಹೊಂದುವಂಥದ್ದೂ ಅಲ್ಲ. ರಕ್ಷಿತ ವಲಯದ ಹಳ್ಳಿಗಳಲ್ಲಿ ಮಗನ ಮದುವೆಗೆಂದು ಒಂದು ಕೋಣೆ ಎಬ್ಬಿಸಲೂ ಪ್ರಾಧಿಕಾರದ ಅನುಮತಿ ಬೇಕು. ಇಡೀ ಲೋಕಕ್ಕೆ ಸೇರಿದ್ದೆಂದು ಹೇಳುವ ಆಸ್ತಿಯ ಖರ್ಚಿನಲ್ಲಿ ಇಷ್ಟನ್ನು ಈ ಮನೆಗಳೇ ಹೊರುತ್ತಿವೆ.